ಪಿತ್ತಾಳೆ ಡೈಯಲ್ಲಿ ಕಚ್ಚಿಕೊಳ್ಳುತ್ತಿದೆ: ಮನೆಯಲ್ಲೇ ಮಾಡಬಹುದಾದ ಎಣ್ಣೆ, ಮೇಣ ಯಾವುದು ಒಳ್ಳೆಯದು?

ಬೈಕಂಪಾಡಿ ಶೆಡ್
ಬೈಕಂಪಾಡಿಯಲ್ಲಿ ನನ್ನದೊಂದು ಸಣ್ಣ ಶೆಡ್ ಉಂಟು. ಲೇತ್, ಡ್ರಿಲ್ಲಿಂಗ್ ಮೆಷಿನ್, ಒಂದು ಹ್ಯಾಂಡ್ ಪ್ರೆಸ್, ಅಷ್ಟೇ. ಈಗ ಹೊಸ ಕೆಲಸ ಬಂದಿದೆ. ಪಿತ್ತಾಳೆ ಸ್ಲೀವ್‌ಗಳನ್ನು (ಕೊಳವೆಯಂಥ ತುಂಡು) ಉಕ್ಕಿನ ಡೈಯೊಳಗೆ, ಅಂದರೆ ಅಳತೆ ಕೊಡುವ ಅಚ್ಚಿನೊಳಗೆ, ಒತ್ತಿ ಹೊರಗಿನ ಅಳತೆ ಒಂಚೂರು ಇಳಿಸಬೇಕು. ಮೆಷಿನ್ ಆಯಿಲ್ ಹಾಕಿ ಒತ್ತಿದರೆ ಮೊದಲ ಕೆಲವು ಪೀಸ್ ಚೆನ್ನಾಗಿ ಬರುತ್ತವೆ. ಆಮೇಲೆ ಕಿರ್ರ್ ಅಂತ ಸದ್ದು, ಮೈಮೇಲೆ ಉದ್ದುದ್ದ ಗೀರು. ಇನ್ನೂ ಜೋರು ಒತ್ತಿದರೆ ಒಳಗೇ ಕಚ್ಚಿ ಕೂರುತ್ತದೆ.

ಅಮೆರಿಕದಲ್ಲಿರುವ ನನ್ನ ಭಾವ ರಜೆಗೆ ಬಂದಾಗ ಇದನ್ನು ನೋಡಿದರು. "ನಾವು ರೈಫಲ್ ತೋಟೆಯ ಖಾಲಿ ಕೇಸ್ ರೀಸೈಜ್ ಮಾಡುವಾಗಲೂ ಇದೇ ರಗಳೆ" ಎಂದರು. ಅಲ್ಲಿ ಗುರಿ ಹೊಡೆಯುವ ಹವ್ಯಾಸದವರು ಹಾರಿಸಿದ ಕೇಸನ್ನು ಡೈಯಲ್ಲಿ ಒತ್ತಿ ಮೊದಲಿನ ಅಳತೆಗೆ ತರುತ್ತಾರಂತೆ. ಅದಕ್ಕೆ ಲ್ಯಾನೋಲಿನ್ (ಕುರಿ ಉಣ್ಣೆಯ ಜಿಡ್ಡು) ಹಾಕಿ ಮನೆಯಲ್ಲೇ ಎಣ್ಣೆ ತಯಾರಿಸುತ್ತಾರಂತೆ. ಇಲ್ಲಿ ಸುಲಭವಾಗಿ ಸಿಗುವ ಸಾಮಾನಿನಲ್ಲಿ ಅಂಥದ್ದು ಮಾಡಬಹುದಾ? ಮಾಡಿ ಅನುಭವ ಇದ್ದವರು ಹೇಳಿ.

ಕಾರ್ಕಳ ಫಿಟ್ಟರ್
ತೆಂಗಿನೆಣ್ಣೆ. ಬೇರೆ ಏನೂ ಬೇಡ. ನಮ್ಮ ಊರಲ್ಲಿ ತೆಂಗಿನೆಣ್ಣೆ ಇರುವಾಗ ಲ್ಯಾನೋಲಿನ್ ಹುಡುಕಿಕೊಂಡು ಯಾಕೆ ಹೋಗಬೇಕು ಮಾರಾಯ್ರೆ?

ಮಲ್ಪೆ ಬೋಟು
ಗೇರ್ ಆಯಿಲ್ ಹಾಕಿ ನೋಡಿ, 90 ನಂಬರಿನದ್ದು. ಗೇರ್ ಹಲ್ಲಿನ ಮೇಲೆ ಬೀಳುವ ಒತ್ತಡ ತಡೆಯುವ ಎಣ್ಣೆ ನಿಮ್ಮ ಸ್ಲೀವನ್ನು ತಡೆಯದೆ ಇರುತ್ತದಾ? ಬೋಟಿನ ಕೆಲಸದಲ್ಲಿ ನಮಗೆ ಅದೇ ಆಧಾರ.

ಲೋಹಪಾಠ
ಗೇರ್ ಆಯಿಲ್ ಬೇಡ. ಉಕ್ಕಿನ ಗೇರಿಗೆ ಅದು ಒಳ್ಳೆಯದೇ. ಆದರೆ ಜಾಸ್ತಿ ಒತ್ತಡ ತಡೆಯಲಿ ಅಂತ ಅದಕ್ಕೆ ಗಂಧಕದ ಅಂಶ ಸೇರಿಸಿರುತ್ತಾರೆ. ಗಂಧಕಕ್ಕೂ ತಾಮ್ರಕ್ಕೂ ಆಗಿಬರುವುದಿಲ್ಲ. ಪಿತ್ತಾಳೆ ಕಪ್ಪಾಗುತ್ತದೆ, ಕಲೆ ಹೋಗುವುದಿಲ್ಲ. ಗಿರಾಕಿ ವಾಪಸ್ ಕಳಿಸುತ್ತಾರೆ.

ನಾನು ಪಾಲಿಟೆಕ್ನಿಕ್‌ನಲ್ಲಿ ಪಾಠ ಮಾಡುವವಳು. ಮೂಲ ವಿಷಯ ಹೇಳುತ್ತೇನೆ. ತಿರುಗುವ ಬೇರಿಂಗ್‌ನಲ್ಲಿ ವೇಗದಿಂದಲೇ ಎಣ್ಣೆಯ ದಪ್ಪ ಪದರ ಏಳುತ್ತದೆ. ಲೋಹಕ್ಕೆ ಲೋಹ ತಾಗುವುದೇ ಇಲ್ಲ. ಹ್ಯಾಂಡ್ ಪ್ರೆಸ್‌ನಲ್ಲಿ ವೇಗ ಇಲ್ಲ, ಒತ್ತಡ ಮಾತ್ರ ಭಾರೀ. ಎಣ್ಣೆ ಹಿಂಡಿ ಹೊರಗೆ ಹೋಗುತ್ತದೆ. ಕೊನೆಗೆ ಉಳಿಯುವುದು ಲೋಹಕ್ಕೆ ಅಂಟಿಕೊಂಡ ತೀರಾ ತೆಳುವಾದ ಪದರ. ಮೆಷಿನ್ ಆಯಿಲ್ ಪೆಟ್ರೋಲಿಯಂನಿಂದ ಬಂದದ್ದು, ಅದಕ್ಕೆ ಹಾಗೆ ಅಂಟುವ ಗುಣ ಕಡಿಮೆ. ಗಿಡದ ಎಣ್ಣೆ, ಪ್ರಾಣಿಯ ಕೊಬ್ಬು, ಸೋಪು, ಲ್ಯಾನೋಲಿನ್ ಅಂಟುತ್ತವೆ. ಕೊಬ್ಬಿನಾಮ್ಲದ ಒಂದು ತುದಿ ಲೋಹವನ್ನು ಹಿಡಿಯುತ್ತದೆ, ಉದ್ದದ ಬಾಲ ಹೊರಗೆ ನಿಲ್ಲುತ್ತದೆ. ಆ ಬಾಲಗಳ ಮೇಲೆ ಡೈ ಜಾರುತ್ತದೆ. ಹಾಗಾಗಿ ಎಣ್ಣೆ ಎಷ್ಟು ದಪ್ಪ ಅನ್ನುವುದಕ್ಕಿಂತ ಎಷ್ಟು ಗಟ್ಟಿಯಾಗಿ ಅಂಟುತ್ತದೆ ಅನ್ನುವುದು ಮುಖ್ಯ.

ಕಾರ್ಕಳ ಫಿಟ್ಟರ್
ಟೀಚರ್ ಹೇಳಿದ್ದೂ ಅದೇ ಆಯ್ತಲ್ಲ. ಗಿಡದ ಎಣ್ಣೆ. ಅಂದರೆ ತೆಂಗಿನೆಣ್ಣೆ.

ಲೋಹಪಾಠ
ಪೂರ್ತಿ ಅಲ್ಲ. ತೆಂಗಿನೆಣ್ಣೆಯ ಕೊಬ್ಬಿನಾಮ್ಲದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಲಾರಿಕ್ ಆಮ್ಲ. ಅದರ ಬಾಲ ಗಿಡ್ಡ. ಮಂಗಳೂರಿನ ಸೆಕೆಗೆ ಎಣ್ಣೆ ನೀರಿನ ಹಾಗೆ ಹರಿದು ಹೋಗುತ್ತದೆ. ಸ್ಕ್ರೂ, ಬಿಜಾಗರಿಗೆ ಸಾಕು. ಲೋಹದ ಅಳತೆಯನ್ನೇ ಬದಲಿಸುವ ಕೆಲಸಕ್ಕೆ ಉದ್ದ ಬಾಲದ ಸ್ಟಿಯರಿಕ್ ಆಮ್ಲ ಬೇಕು. ತಂತಿ ಎಳೆಯುವ ಕಾರ್ಖಾನೆಗಳಲ್ಲಿ ಡೈಗೆ ಒಣ ಸೋಪಿನ ಪುಡಿ ಬಳಸುತ್ತಾರೆ. ಅದು ಹೆಚ್ಚಾಗಿ ಕ್ಯಾಲ್ಸಿಯಂ ಅಥವಾ ಸೋಡಿಯಂ ಸ್ಟಿಯರೇಟ್.

ಉಡುಪಿ ಅಡುಗೆಮನೆ
ನನಗೆ ಡೈ ಗೊತ್ತಿಲ್ಲ, ಸೇಮಿಗೆ ಮಣೆ ಗೊತ್ತು. ಅಕ್ಕಿ ಹಿಟ್ಟಿನ ಮುದ್ದೆ ಒತ್ತುವಾಗ ಸ್ಕ್ರೂವಿಗೆ ತೆಂಗಿನೆಣ್ಣೆ ಹಚ್ಚುತ್ತೇವೆ. ಹೊಟ್ಟೆಗೆ ಹೋಗುವ ಸಾಮಾನಾದ್ದರಿಂದ ಅಲ್ಲಿ ಬೇರೆ ಎಣ್ಣೆ ಹಚ್ಚುವ ಹಾಗೂ ಇಲ್ಲ. ಅದಕ್ಕಾದರೆ ಕಾರ್ಕಳದ ಅಣ್ಣ ಹೇಳಿದ್ದು ಸರಿ.

ದೂರದ ಭಾವ
ಶೆಡ್‌ನವನ ಭಾವ ನಾನೇ. ನಮ್ಮ ಕಡೆಯ ಪದ್ಧತಿ ಪೂರ್ತಿ ಹೇಳುತ್ತೇನೆ. ಅವನು ಅರ್ಧ ಹೇಳಿದ್ದಾನೆ.

ಇಲ್ಲಿ ಮನೆಯಲ್ಲಿ ಮಾಡುವುದರಲ್ಲಿ ತುಂಬ ಜನ ಬಳಸುವುದು ಕುರಿ ಉಣ್ಣೆಯಿಂದ ತೆಗೆದ ಶುದ್ಧ ಲ್ಯಾನೋಲಿನ್ ಮತ್ತು ಐಸೊಪ್ರೊಪೈಲ್ ಆಲ್ಕೊಹಾಲ್. ಒಂದು ಪಾಲು ಲ್ಯಾನೋಲಿನ್‌ಗೆ ಹತ್ತು ಹನ್ನೆರಡು ಪಾಲು ಆಲ್ಕೊಹಾಲ್. ಲ್ಯಾನೋಲಿನ್ ಬಾಟಲಿಯನ್ನು ಬಿಸಿನೀರಲ್ಲಿ ಇಟ್ಟು ಕರಗಿಸಬೇಕು. ಆಲ್ಕೊಹಾಲನ್ನು ಒಲೆಯ ಹತ್ತಿರವೂ ತರಬಾರದು. ಬೆರೆಸಿ ಸ್ಪ್ರೇ ಬಾಟಲಿಗೆ ಹಾಕಿ, ಕೇಸ್‌ಗಳ ಮೇಲೆ ಸಿಂಪಡಿಸಿ ಹೊರಳಾಡಿಸಿ ಬಿಡುತ್ತೇವೆ. ಆಲ್ಕೊಹಾಲ್ ಆರಿಹೋಗಬೇಕು. ಇದು ತುಂಬ ಮುಖ್ಯ. ಒದ್ದೆ ಇರುವಾಗಲೇ ಡೈಗೆ ಹಾಕಿದರೆ ಕಚ್ಚಿಕೊಳ್ಳುವುದು ಗ್ಯಾರಂಟಿ. ಆಲ್ಕೊಹಾಲ್ ಬರೀ ಲ್ಯಾನೋಲಿನ್ ಹರಡುವುದಕ್ಕೆ, ಜಾರಿಸುವ ಕೆಲಸ ಅದರದ್ದಲ್ಲ.

ಜಾಸ್ತಿ ಹಚ್ಚಿದರೂ ಕಷ್ಟ. ರೈಫಲ್ ಕೇಸಿಗೆ ಬಾಟಲಿಯ ಹಾಗೆ ಭುಜ ಇರುತ್ತದೆ. ಎಣ್ಣೆಯನ್ನು ಒತ್ತಿ ಕುಗ್ಗಿಸಲು ಆಗುವುದಿಲ್ಲ. ಹೋಗಲು ಜಾಗ ಇಲ್ಲದಿದ್ದರೆ ಭುಜದ ಮೇಲೆ ಗುಳಿ ಬೀಳುತ್ತದೆ. ಅದಕ್ಕೇ ಡೈಗೆ ಸಣ್ಣ ಗಾಳಿ ತೂತು ಇಟ್ಟಿರುತ್ತಾರೆ. ಅದನ್ನು ಸ್ವಚ್ಛ ಇಡಬೇಕು. ಪಿಸ್ತೂಲಿನ ನೇರ ಕೇಸುಗಳಿಗೆ ಕಾರ್ಬೈಡ್ ಡೈ ಬರುತ್ತದೆ, ಅದಕ್ಕೆ ಎಣ್ಣೆಯೇ ಬೇಡ. ರೈಫಲ್ ಕೇಸಿಗೆ ಮಾತ್ರ ಹಚ್ಚಲೇಬೇಕು. ಕುತ್ತಿಗೆಯ ಒಳಭಾಗಕ್ಕೆ ಒಣ ಗ್ರಾಫೈಟ್ ಅಥವಾ ಅಭ್ರಕದ ಪುಡಿ ಸಾಕು.

ಕೆಲಸ ಮುಗಿದ ಮೇಲೆ ಎಣ್ಣೆ ಪೂರ್ತಿ ಒರೆಸಬೇಕು. ಹಾರಿಸುವಾಗ ಕೇಸ್ ಉಬ್ಬಿ ಚೇಂಬರಿನ (ಬಂದೂಕಿನಲ್ಲಿ ತೋಟೆ ಕೂರುವ ಜಾಗ) ಗೋಡೆಯನ್ನು ಹಿಡಿದುಕೊಳ್ಳುತ್ತದೆ. ಎಣ್ಣೆ ಉಳಿದರೆ ಆ ಹಿಡಿತ ಹೋಗುತ್ತದೆ, ಪೂರ್ತಿ ಹೊರೆ ಅದನ್ನು ಹಿಂದಿನಿಂದ ಮುಚ್ಚುವ ಬೋಲ್ಟ್ ಮೇಲೆ ಬೀಳುತ್ತದೆ.

ಬೈಕಂಪಾಡಿ ಶೆಡ್
ಭಾವ, ನೀವೇ ಬಂದದ್ದು ಒಳ್ಳೆಯದಾಯ್ತು. ಆರಬೇಕು ಅನ್ನುವುದನ್ನು ಫೋನಲ್ಲಿ ಹೇಳಿರಲಿಲ್ಲ ನೋಡಿ. ಕೊರೊನಾ ಸಮಯದ ಸ್ಯಾನಿಟೈಸರ್ ಒಂದು ಕ್ಯಾನ್ ಹಾಗೇ ಉಂಟು. ಅದು ನಡೆಯುತ್ತದಾ?

ದೂರದ ಭಾವ
ಬೇಡ. ಅದರಲ್ಲಿ ನೀರು, ಗ್ಲಿಸರಿನ್ ಇರುತ್ತದೆ. ಲ್ಯಾನೋಲಿನ್ ಬೇರೆಯಾಗಿ ಗಂಟು ಕಟ್ಟುತ್ತದೆ. ಮೆಡಿಕಲ್ ಅಂಗಡಿಯ 70 ಶೇಕಡದ್ದೂ ಬೇಡ. 99 ಶೇಕಡದ್ದು ಬೇಕು.

ಬಂದರು ಅಂಗಡಿ
99ರದ್ದು ಕೆಮಿಕಲ್ ಅಂಗಡಿಗಳಲ್ಲಿ ಕೇಳಿ, ಸಿಗುತ್ತದೆ. ಮೊಬೈಲ್ ರಿಪೇರಿಯವರೂ ಬೋರ್ಡ್ ತೊಳೆಯಲು ಅದನ್ನೇ ತರುತ್ತಾರೆ. ಲ್ಯಾನೋಲಿನ್ ಮಾತ್ರ ಕಷ್ಟ. ಹಾಲೂಡಿಸುವ ತಾಯಂದಿರ ಕ್ರೀಮ್‌ಗಳಲ್ಲಿ ಕೆಲವು ಶುದ್ಧ ಲ್ಯಾನೋಲಿನ್. ಆದರೆ ಅಷ್ಟು ಸಣ್ಣ ಟ್ಯೂಬಿಗೆ ಅಷ್ಟು ದುಡ್ಡು ಕೊಟ್ಟು ಶೆಡ್ ನಡೆಸಲು ಆಗುತ್ತದಾ?

ಹರಳೆಣ್ಣೆ ಯಾಕೆ ಯಾರೂ ಹೇಳುತ್ತಿಲ್ಲ?

ಲೋಹಪಾಠ
ಅದನ್ನೇ ಬರೆಯಲು ಬಂದೆ. ಹರಳೆಣ್ಣೆಯಲ್ಲಿ ಹೆಚ್ಚುಕಡಿಮೆ 85ರಿಂದ 90 ಶೇಕಡ ರಿಸಿನೋಲಿಕ್ ಆಮ್ಲ. ಲೋಹವನ್ನು ಹಿಡಿಯಲು ಅದಕ್ಕೆ ಇನ್ನೊಂದು ಕೊಂಡಿ ಜಾಸ್ತಿ ಇರುತ್ತದೆ. ಹಿಂದೆ ವಿಮಾನದ ಇಂಜಿನ್, ರೇಸ್ ಕಾರಿನ ಇಂಜಿನ್‌ಗಳಿಗೆ ಇದನ್ನೇ ಹಾಕುತ್ತಿದ್ದರು. ಇನ್ನೊಂದು ಅನುಕೂಲ, ಹರಳೆಣ್ಣೆ ಆಲ್ಕೊಹಾಲಿನಲ್ಲಿ ಕರಗುತ್ತದೆ. ತೆಂಗಿನೆಣ್ಣೆ ಹಾಗೆ ಸುಲಭವಾಗಿ ಕರಗುವುದಿಲ್ಲ. ಲ್ಯಾನೋಲಿನ್ ಸಿಗದಿದ್ದರೆ ಭಾವನವರ ಸ್ಪ್ರೇಯನ್ನು ಹರಳೆಣ್ಣೆಯಲ್ಲೇ ಮಾಡಿ ನೋಡಬಹುದು.

ಕಾರ್ಕಳ ಫಿಟ್ಟರ್
ಹರಳೆಣ್ಣೆ ಅಂಟು ಅಂಟು. ಧೂಳೆಲ್ಲ ಹಿಡಿದುಕೊಳ್ಳುತ್ತದೆ. ಡೈಗೆ ಧೂಳು ಹೋದರೆ ಗೀರು ಬೀಳುವುದು ಅದರಿಂದಲೇ.

ಬಂದರು ಅಂಗಡಿ
ಧೂಳು ತೆಂಗಿನೆಣ್ಣೆಗೂ ಹಿಡಿಯುತ್ತದೆ ಮಾರಾಯ. ಮುಚ್ಚಳ ಇರುವ ಡಬ್ಬದಲ್ಲಿ ಇಟ್ಟರೆ ಆಯ್ತು.

ಮಲ್ಪೆ ಬೋಟು
ಗೇರ್ ಆಯಿಲ್ ಬೇಡ ಅಂದಿರಿ, ಒಪ್ಪಿದೆ. ಮೀನೆಣ್ಣೆ? ಮರದ ದೋಣಿಗೆ ಬೂತಾಯಿ ಎಣ್ಣೆ ಹಚ್ಚುವ ರೂಢಿ ನಮ್ಮಲ್ಲಿ ಹಿಂದಿನಿಂದ ಉಂಟು. ಗೇರು ಸಿಪ್ಪೆ ಎಣ್ಣೆಯೂ ಹಚ್ಚುತ್ತಾರೆ.

ಲೋಹಪಾಠ
ಎರಡೂ ಬೇಡ. ದೋಣಿಗೆ ಅವು ಒಳ್ಳೆಯದಾಗುವ ಕಾರಣದಿಂದಲೇ ಡೈಗೆ ಕೆಟ್ಟದು. ಬೂತಾಯಿ ಎಣ್ಣೆ ಗಾಳಿಗೆ ಒಣಗಿ ಪೊರೆ ಕಟ್ಟುತ್ತದೆ. ಮರದ ಮೇಲೆ ಆ ಪೊರೆ ನೀರು ತಡೆಯುತ್ತದೆ. ಡೈಯೊಳಗೆ ಅದು ಮೆರುಗೆಣ್ಣೆಯ ಹಾಗೆ ಗಟ್ಟಿ ಕೂತು ಅಳತೆಯನ್ನೇ ಕೆಡಿಸುತ್ತದೆ. ಗೇರು ಸಿಪ್ಪೆ ಎಣ್ಣೆ ಕೈಗೆ ತಾಗಿದರೆ ಚರ್ಮ ಸುಟ್ಟು ಬೊಬ್ಬೆ ಏಳುತ್ತದೆ. ಗೇರುಬೀಜ ಕಾರ್ಖಾನೆಯಲ್ಲಿ ಬೀಜ ಸುಲಿಯುವ ಹೆಂಗಸರ ಕೈ ನೋಡಿದವರಿಗೆ ಇದು ಗೊತ್ತು. ಬೆರಳಲ್ಲಿ ಹಚ್ಚುವ ಕೆಲಸಕ್ಕೆ ಅದನ್ನು ದಯವಿಟ್ಟು ಯಾರೂ ತರಬೇಡಿ.

ಸುರತ್ಕಲ್ ಗ್ಯಾರೇಜು
ಸುಟ್ಟ ಇಂಜಿನ್ ಆಯಿಲ್ ಪುಕ್ಕಟೆ ಸಿಗುತ್ತದಲ್ಲ.

ಲೋಹಪಾಠ
ಸುಟ್ಟ ಆಯಿಲ್‌ನಲ್ಲಿ ಮಸಿ ಇದೆ, ಇಂಜಿನ್ ಸವೆದ ಲೋಹದ ಕಣ ಇದೆ. ಡೈಗೆ ಅದು ಅರದಂತೆ ಕೆಲಸ ಮಾಡುತ್ತದೆ. ದಿನಾ ಚರ್ಮಕ್ಕೆ ತಾಗಿದರೆ ಕ್ಯಾನ್ಸರಿಗೂ ದಾರಿ. ಪುಕ್ಕಟೆ ಅಂತ ಹಚ್ಚಬೇಡಿ ಸರ್.

ಬಾವುಟಗುಡ್ಡೆ ದಾರಿ
ತೋಟೆಗೆ ಹಚ್ಚುವ ಎಣ್ಣೆ ಅಂದಕೂಡಲೇ 1857 ನೆನಪಾಯಿತು. ಎನ್‌ಫೀಲ್ಡ್ ಬಂದೂಕಿನ ತೋಟೆಗೆ ಹಂದಿ, ದನದ ಕೊಬ್ಬು ಹಚ್ಚಿದ್ದಾರೆ ಅಂತ ಸಿಪಾಯಿಗಳು ಸಿಟ್ಟಾದದ್ದು ಎಲ್ಲರಿಗೂ ಗೊತ್ತು. ಆದರೆ ಆ ವರ್ಷದ ಜನವರಿಯಲ್ಲೇ, ಸಿಪಾಯಿಗಳು ತಮಗೆ ಸರಿಕಂಡ ಎಣ್ಣೆ, ಮೇಣ ತಾವೇ ಹಚ್ಚಿಕೊಳ್ಳಲಿ ಎಂಬ ಆದೇಶ ಬಂದಿತ್ತು. ಅಷ್ಟು ಹೊತ್ತಿಗೆ ನಂಬಿಕೆಯೇ ಮುರಿದಿತ್ತು. ಆಮೇಲೆ ಯಾವ ಎಣ್ಣೆ ಕೊಟ್ಟರೂ ಪ್ರಯೋಜನ ಇರಲಿಲ್ಲ.

ನಮ್ಮ ಊರಿನವರು ಅದಕ್ಕೂ 20 ವರ್ಷ ಮೊದಲೇ ಬ್ರಿಟಿಷರ ವಿರುದ್ಧ ಎದ್ದು ನಿಂತಿದ್ದರು, ಇದು ಶಾಲೆಯಲ್ಲಿ ಸರಿಯಾಗಿ ಹೇಳಿಕೊಡುವುದೇ ಇಲ್ಲ. 1837ರಲ್ಲಿ ಸುಳ್ಯದ ಕಡೆಯಿಂದ ಬಂದ ರೈತರು ಮಂಗಳೂರು ಹಿಡಿದು ಬಾವುಟಗುಡ್ಡೆಯಲ್ಲಿ ಬಾವುಟ ಹಾರಿಸಿದರು. ಅವರ ಮುಂದಾಳು ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ಈಗ ಅಲ್ಲೇ ಉಂಟು.

ದೂರದ ಭಾವ
ಒಂದು ತಿದ್ದುಪಡಿ. 1857ರದ್ದು ಕಾಗದದ ತೋಟೆ. ಬಾಯಿಯಲ್ಲಿ ಹರಿದು ನಳಿಗೆಯ ಮುಂದಿನಿಂದ ತುಂಬುವುದು. ಗುಂಡು ಸಲೀಸಾಗಿ ಇಳಿಯಲಿ ಅಂತ ಆ ಕೊಬ್ಬು. ಪಿತ್ತಾಳೆ ಕೇಸಿನ ಕತೆ ಬೇರೆ.

ಸುಳ್ಯ ತೋಟ
1837ರ ವಿಷಯ ಎತ್ತಿದ್ದಕ್ಕೆ ಖುಷಿ ಆಯ್ತು. ಕೋವಿಯ ಮಾತು ಬಂತಲ್ಲ, ಕೇಳುತ್ತೇನೆ. ನನ್ನಲ್ಲಿ ಬೆಳೆ ರಕ್ಷಣೆಗೆ ಲೈಸನ್ಸ್ ಇರುವ ಕೋವಿ ಉಂಟು. ಕಾಡುಹಂದಿ, ಮಂಗಗಳ ಉಪದ್ರ ಹೇಳಿ ಮುಗಿಯುವುದಿಲ್ಲ. ಎಲೆಕ್ಷನ್ ಬಂದಾಗಲೆಲ್ಲ ಕೋವಿಯನ್ನು ಸ್ಟೇಷನ್ನಿನಲ್ಲಿ ಇಡಬೇಕು, ಆಗಲೇ ಹಂದಿ ತೋಟಕ್ಕೆ ನುಗ್ಗುವುದು. ಭಾವನವರು ಹೇಳಿದ ಹಾಗೆ ಇಲ್ಲಿ ನಾವೇ ತೋಟೆ ತುಂಬಿಕೊಳ್ಳಬಹುದಾ?

ನಿರ್ವಾಹಕ
ಕೋವಿಯ ಲೈಸನ್ಸ್ ಇದ್ದರೆ ತೋಟೆ ತಯಾರಿಸುವ ಅನುಮತಿಯೂ ಇದೆ ಅಂತ ಅಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಮದ್ದುಗುಂಡು ತಯಾರಿಕೆಗೆ ಬೇರೆಯೇ ಲೈಸನ್ಸ್ ಬೇಕು. ನಿಮ್ಮ ಪ್ರಶ್ನೆ ಇದ್ದರೆ ಜಿಲ್ಲಾಧಿಕಾರಿ ಕಚೇರಿಯಲ್ಲೇ ಕೇಳಿ. ಇಲ್ಲಿ ಮದ್ದು ತುಂಬುವ ಮಾತು ಬೇಡ. ಪಿತ್ತಾಳೆ, ಡೈ, ಎಣ್ಣೆ, ಇಷ್ಟರಲ್ಲೇ ಇರೋಣ.

ಸುಳ್ಯ ತೋಟ
ಸರಿ ಸರ್. ಗೊತ್ತಾಯಿತು. ಎಣ್ಣೆಯ ಬಗ್ಗೆಯೇ ಹೇಳುತ್ತೇನೆ ಹಾಗಾದರೆ. ನಮ್ಮ ಮನೆಯಲ್ಲಿ ಪುನರ್ಪುಳಿ (ಕೋಕಂ) ಬೀಜದ ತುಪ್ಪ ಉಂಟು. ಹಿಮ್ಮಡಿ ಒಡೆದರೆ ಹಚ್ಚುವುದು. ಗಟ್ಟಿ ಉಂಡೆ, ಸೆಕೆಗಾಲದಲ್ಲೂ ಕರಗುವುದಿಲ್ಲ. ಬೆರಳಲ್ಲಿ ಉಜ್ಜಿದರೆ ಮಾತ್ರ ಮೆತ್ತಗಾಗುತ್ತದೆ. ಅದು ಆಗುತ್ತದಾ?

ಲೋಹಪಾಠ
ಇಡೀ ಚರ್ಚೆಯಲ್ಲಿ ನನಗೆ ಅತ್ಯಂತ ಇಷ್ಟವಾದ ಸಲಹೆ ಇದು! ಪುನರ್ಪುಳಿ ತುಪ್ಪದಲ್ಲಿ ಅರ್ಧಕ್ಕಿಂತ ಜಾಸ್ತಿ ಸ್ಟಿಯರಿಕ್ ಆಮ್ಲ. ನಾನು ಮೇಲೆ ಹೇಳಿದ ಉದ್ದ ಬಾಲದ್ದು ಇದೇ. ಕರಗುವುದು 40 ಡಿಗ್ರಿಯ ಆಸುಪಾಸಿನಲ್ಲಿ. ಶೆಡ್ಡಿನ ಸೆಕೆಯಲ್ಲಿ ಡಬ್ಬದಲ್ಲಿ ಗಟ್ಟಿ ಇರುತ್ತದೆ, ಬೆರಳಲ್ಲಿ ಉಜ್ಜಿದರೆ ಹರಡುತ್ತದೆ. ಬೇಕಾದರೆ ಸ್ವಲ್ಪ ಹರಳೆಣ್ಣೆ ಕೂಡಿಸಿ ಮೆತ್ತಗೆ ಮಾಡಿಕೊಳ್ಳಿ.

ದೂರದ ಭಾವ
ಇಲ್ಲಿ ಡಬ್ಬದಲ್ಲಿ ಬರುವ ಸೈಜಿಂಗ್ ವ್ಯಾಕ್ಸ್ ಕೂಡ ಹಾಗೇ ಬಳಸುವುದು. ಬೆರಳ ತುದಿಗೆ ತಾಗಿಸಿ ಕೇಸಿನ ಮೈಗೆ ಒಮ್ಮೆ ಸವರಿದರೆ ಸಾಕು. ಕಣ್ಣಿಗೆ ಎಣ್ಣೆ ಕಾಣಬಾರದು, ಕೈಗೆ ಜಾರಬೇಕು. ಪುನರ್ಪುಳಿ ನನಗೆ ಹೊಳೆದೇ ಇರಲಿಲ್ಲ. ಊರಿನಿಂದ ಬರುವಾಗ ಒಂದು ಉಂಡೆ ತರಬೇಕು.

ಹೊಸಬ ಮಣಿಪಾಲ
ಜೇನುಮೇಣ ಆಗುವುದಿಲ್ಲವಾ? ಪುತ್ತೂರು ಕಡೆ ಜೇನು ಸಾಕುವವರ ಹತ್ತಿರ ಸಿಗುತ್ತದೆ.

ಬಂದರು ಅಂಗಡಿ
ಜೇನುಮೇಣ ಒಂದನ್ನೇ ಹಚ್ಚಿದರೆ ತುಂಬ ಗಟ್ಟಿ. ಅದು ಕರಗಲು 60 ಡಿಗ್ರಿ ದಾಟಬೇಕು. ಎಣ್ಣೆಗೆ ಸ್ವಲ್ಪ ಕೂಡಿಸಿ ದಪ್ಪ ಮಾಡಲು ಒಳ್ಳೆಯದು.

ಸುರತ್ಕಲ್ ಗ್ಯಾರೇಜು
ಡಬ್ಲ್ಯೂಡಿ-40?

ದೂರದ ಭಾವ
ಇಲ್ಲಿ ಹೊಸದಾಗಿ ಶುರು ಮಾಡುವವರು ಮೊದಲು ಹಿಡಿಯುವುದೇ ಅದನ್ನು, ಕೇಸ್ ಸಿಕ್ಕಿಸಿಕೊಳ್ಳುವುದೂ ಅದರಿಂದಲೇ. ಅದರಲ್ಲಿ ಹೆಚ್ಚಿನ ಪಾಲು ತೆಳು ದ್ರಾವಕ. ತುಕ್ಕು ಹಿಡಿದ ಬೋಲ್ಟ್ ಬಿಡಿಸಲು, ನೀರು ಓಡಿಸಲು ಒಳ್ಳೆಯದು. ಈ ಒತ್ತಡಕ್ಕೆ ಅಲ್ಲ.

ಕಾರ್ಕಳ ಫಿಟ್ಟರ್
ಎಣ್ಣೆಯದ್ದೇ ಮಾತಾಡುತ್ತಿದ್ದೀರಿ. ಡೈ ನೋಡಿದಿರಾ ಯಾರಾದರೂ? ಮೊದಲ ಕೆಲವು ಪೀಸ್ ಸರಿ ಬಂದು ಆಮೇಲೆ ಗೀರು ಬೀಳುತ್ತದೆ ಅಂದರೆ ಡೈಯೊಳಗೆ ಪಿತ್ತಾಳೆ ಅಂಟಿದೆ ಅಂತ ಅರ್ಥ. ಒಂದು ಸಣ್ಣ ಚುಕ್ಕೆ ಅಂಟಿದರೆ ಸಾಕು. ಮುಂದಿನ ಪೀಸಿನ ಪಿತ್ತಾಳೆ ಅದಕ್ಕೇ ಬಂದು ಸೇರುತ್ತದೆ, ಚುಕ್ಕೆ ಬೆಳೆಯುತ್ತದೆ. ಅದರ ಮೇಲೆ ಪುನರ್ಪುಳಿ ತುಪ್ಪ ಅಲ್ಲ, ದೇವರ ತುಪ್ಪ ಹಚ್ಚಿದರೂ ಗೀರು ಬೀಳುತ್ತದೆ. ಟಾರ್ಚ್ ಹಾಕಿ ನೋಡಿ. ಉಕ್ಕಿನ ಮೇಲೆ ಹಳದಿ ಗೆರೆ ಕಂಡರೆ ಅದೇ.

ಮೊದಲು ಅದನ್ನು ತೆಗೆಯಿರಿ. ಮರದ ಕೋಲಿಗೆ ನುಣ್ಣನೆ ಎಮರಿ ಕಾಗದ ಸುತ್ತಿ ಲೇತಿನಲ್ಲಿ ತಿರುಗಿಸಿ, ಕೊನೆಗೆ ಪಾಲಿಷ್ ಪೇಸ್ಟ್. ಅಳತೆ ಕೂಡಿ ಹೋಗದಂತೆ ಹಗುರಕ್ಕೆ. ಡೈಯ ಬಾಯಿ ಚೂಪಾಗಿ ಇದ್ದರೆ ದುಂಡಗೆ ಮಾಡಿ. ಚೂಪು ಬಾಯಿ ಎಣ್ಣೆಯನ್ನು ಒಳಗೆ ಬಿಡುವುದೇ ಇಲ್ಲ, ಹೊರಗೇ ಕೆರೆದು ಹಾಕುತ್ತದೆ.

ಲೋಹಪಾಠ
ಇದನ್ನು ನಾನೇ ಮೊದಲು ಕೇಳಬೇಕಿತ್ತು ಅನ್ನುವಷ್ಟು ಸರಿಯಾದ ಮಾತು. ಎಣ್ಣೆ ಎರಡನೆಯದು, ಡೈ ಮೊದಲನೆಯದು.

ಬೈಕಂಪಾಡಿ ಶೆಡ್
ಟಾರ್ಚ್ ಹಾಕಿ ನೋಡಿದೆ ಅಣ್ಣ. ಹಳದಿ ಗೆರೆ ಉಂಟು. ಬಾಯಿಯ ಹತ್ತಿರವೇ. ಇನ್ನೊಂದು ಕೇಳುವುದು, ಒಳಗೆ ಸಿಕ್ಕಿಕೊಂಡ ಪೀಸನ್ನು ತೆಗೆಯಲು ಸುತ್ತಿಗೆ ಬಿಟ್ಟು ಬೇರೆ ಉಪಾಯ ಉಂಟಾ?

ದೂರದ ಭಾವ
ಸುತ್ತಿಗೆ ಹಿಡಿಯಬೇಡ. ನಾವು ಸಿಕ್ಕಿದ ಕೇಸಿನ ಬುಡಕ್ಕೆ ತೂತು ಕೊರೆದು, ಒಳಗೆ ಟ್ಯಾಪ್ ಹಾಕಿ ಸ್ಕ್ರೂ ಥ್ರೆಡ್ ಕತ್ತರಿಸುತ್ತೇವೆ. ಡೈಯ ಬಾಯಿಗೆ ಒಂದು ದಪ್ಪ ಬುಷ್, ಅದರ ಮೇಲೆ ವಾಷರ್ ಇಟ್ಟು ಬೋಲ್ಟ್ ಬಿಗಿಮಾಡಿದರೆ ಕೇಸ್ ನಿಧಾನಕ್ಕೆ ಹೊರಗೆ ಬರುತ್ತದೆ. ನಿನ್ನದು ಎರಡೂ ಕಡೆ ತೆರೆದ ಸ್ಲೀವ್. ಡೈಗೆ ಆಧಾರ ಕೊಟ್ಟು, ಸ್ಲೀವಿನ ಅಂಚಿಗೆ ಸರಿಯಾಗಿ ಕೂರುವ ತುಂಡು ಇಟ್ಟು ಪ್ರೆಸ್ಸಿನಲ್ಲೇ ಬಂದ ದಾರಿಯಲ್ಲಿ ಹಿಂದಕ್ಕೆ ತಳ್ಳು. ಖಾಲಿ ಕೇಸಿಗೆ ಮಾತ್ರ ಈ ಉಪಾಯ ಅನ್ನುವುದನ್ನೂ ಓದುವವರಿಗಾಗಿ ಹೇಳುತ್ತೇನೆ. ಮದ್ದು, ಪ್ರೈಮರ್ ಇರುವುದನ್ನು ಯಾರೂ ಕೊರೆಯಬಾರದು.

ಹೊಸಬ ಮಣಿಪಾಲ
ಒತ್ತಿದ ಮೇಲೆ ತೊಳೆಯುವುದು ಹೇಗೆ? ಮನೆಯಲ್ಲಿ ಪಿತ್ತಾಳೆ ಉಜ್ಜುವ ಬಾಟಲಿ ಪಾಲಿಷ್ ಉಂಟಲ್ಲ, ಅದು?

ಲೋಹಪಾಠ
ಅದು ಬೇಡವೇ ಬೇಡ. ಅಂಥ ಪಾಲಿಷ್‌ಗಳಲ್ಲಿ ಹಲವದಕ್ಕೆ ಅಮೋನಿಯಾ ಹಾಕಿರುತ್ತಾರೆ. ಇದರ ಹಿಂದೆ ನಮ್ಮ ದೇಶದ್ದೇ ಒಂದು ಕತೆ ಇದೆ. ಬ್ರಿಟಿಷ್ ಸೈನ್ಯ ಮಳೆಗಾಲದಲ್ಲಿ ಪಿತ್ತಾಳೆ ಕೇಸಿನ ತೋಟೆಗಳನ್ನು ಕುದುರೆ ಲಾಯದಲ್ಲಿ ಇಡುತ್ತಿತ್ತು. ಮಳೆ ಮುಗಿದು ತೆಗೆದು ನೋಡಿದರೆ ಕೇಸುಗಳು ಬಿರುಕು ಬಿಟ್ಟಿರುತ್ತಿದ್ದವು. ಯಾರೂ ಮುಟ್ಟಿರಲಿಲ್ಲ, ಹಾರಿಸಿರಲಿಲ್ಲ. ಕಾರಣ ಸರಿಯಾಗಿ ತಿಳಿದದ್ದು 1921ರಲ್ಲಿ. ಕುದುರೆ ಮೂತ್ರದಿಂದ ಏಳುವ ಅಮೋನಿಯಾ, ಮಳೆಗಾಲದ ಪಸೆ, ಮತ್ತು ಕೇಸನ್ನು ಒತ್ತಿ ಎಳೆದು ಮಾಡುವಾಗ ಲೋಹದೊಳಗೆ ಉಳಿದ ಬಿಗಿತ. ಮೂರೂ ಸೇರಿದರೆ ಪಿತ್ತಾಳೆ ಸೀಳುತ್ತದೆ.

ನಿಮ್ಮ ಸ್ಲೀವಿನಲ್ಲೂ ಒತ್ತಿದ ಬಿಗಿತ ಉಳಿದಿರುತ್ತದೆ. ನಮ್ಮ ಕರಾವಳಿಯಲ್ಲಿ ಪಸೆಗೆ ಬರ ಇಲ್ಲ. ಅಮೋನಿಯಾ ಒಂದು ಸೇರುವುದು ಬಾಕಿ. ಹಟ್ಟಿಯ ಹತ್ತಿರ, ಗೊಬ್ಬರದ ಮೂಟೆಯ ಹತ್ತಿರ ಪೀಸ್‌ಗಳನ್ನು ಇಡಬೇಡಿ. ಬಿಸಿನೀರು, ಪಾತ್ರೆ ತೊಳೆಯುವ ಲಿಕ್ವಿಡ್, ಆಮೇಲೆ ಪೂರ್ತಿ ಒಣಗಿಸುವುದು. ಗಿಡದ ಎಣ್ಣೆ ಹಾಗೇ ಬಿಟ್ಟರೆ ದಿನ ಹೋದಂತೆ ಕಮಟಾಗಿ ಹಸಿರು ಕಿಲುಬು ಬರುತ್ತದೆ. ಹಾಗಾಗಿ ಒತ್ತಿದ ದಿನವೇ ತೊಳೆಯಿರಿ.

ಉಡುಪಿ ಅಡುಗೆಮನೆ
ಹುಣಸೆಹುಳಿ ಹಾಕಿ ತಿಕ್ಕಬಹುದಾ? ದೀಪಕ್ಕೆ ನಾವು ಅದೇ ಹಾಕುವುದು.

ಲೋಹಪಾಠ
ಹೊಳಪಿಗೆ ಆಗಬಹುದು ಅಕ್ಕ. ತುಂಬ ಹೊತ್ತು ನೆನೆಸಿಡಬೇಡಿ. ಹುಳಿ ಸತುವನ್ನು ತಿಂದು ಮೇಲೆ ಕೆಂಪು ತಾಮ್ರ ಕಾಣಲು ಶುರುವಾಗುತ್ತದೆ. ತಿಕ್ಕಿ ಕೂಡಲೇ ತೊಳೆದುಬಿಡಿ.

ಬೈಕಂಪಾಡಿ ಶೆಡ್
ಎಲ್ಲರಿಗೂ ವರದಿ. ಡೈಯ ಹಳದಿ ಗೆರೆ ತೆಗೆದೆ, ಬಾಯಿ ದುಂಡಗೆ ಮಾಡಿ ಪಾಲಿಷ್ ಹಾಕಿದೆ. ಮೆಷಿನ್ ಆಯಿಲ್‌ನಲ್ಲಿ ಸದ್ದು ಕಮ್ಮಿ ಆಯ್ತು, ನಿಲ್ಲಲಿಲ್ಲ. ತೆಂಗಿನೆಣ್ಣೆಯಲ್ಲಿ ಇನ್ನೂ ಕಮ್ಮಿ. ಪುನರ್ಪುಳಿ ತುಪ್ಪಕ್ಕೆ ಹರಳೆಣ್ಣೆ ಕೂಡಿಸಿ ಹಚ್ಚಿದಾಗ ಸದ್ದೇ ಇಲ್ಲ. ಪ್ರೆಸ್ಸಿನ ಹಿಡಿಕೆ ಎಳೆಯುವಾಗಲೇ ವ್ಯತ್ಯಾಸ ಕೈಗೆ ಗೊತ್ತಾಗುತ್ತದೆ. ಹರಳೆಣ್ಣೆ ಸ್ಪ್ರೇಯೂ ಚೆನ್ನಾಗಿ ಬಂತು, ಒಟ್ಟಿಗೆ ತುಂಬ ಪೀಸ್ ಇರುವಾಗ ಅದೇ ಸುಲಭ. ವೆಲ್ಡಿಂಗ್ ಮಾಡುವ ಮೂಲೆಯಿಂದ ದೂರ, ಬಾಗಿಲ ಹತ್ತಿರ ಸಿಂಪಡಿಸಿದೆ. ಆಲ್ಕೊಹಾಲ್ ಆರುವ ತನಕ ಕಾದೆ, ಭಾವ.

ಕಾರ್ಕಳ ಫಿಟ್ಟರ್
ತೆಂಗಿನೆಣ್ಣೆ ಎರಡನೇ ಸ್ಥಾನಕ್ಕೆ ಬಂತು ಅನ್ನಿ. ಇರಲಿ, ನನಗೆ ಬೇಜಾರಿಲ್ಲ. ಡೈ ಸರಿ ಆಯ್ತಲ್ಲ.

ಬಂದರು ಅಂಗಡಿ
ಪುನರ್ಪುಳಿ ತುಪ್ಪ ಎಲ್ಲಿಂದ ತಂದಿರಿ?

ಬೈಕಂಪಾಡಿ ಶೆಡ್
ಸುಳ್ಯ ತೋಟದವರೇ ಬಸ್ಸಿನಲ್ಲಿ ಕೊಟ್ಟು ಕಳಿಸಿದರು. ಇನ್ನು ಬೇಕಾದರೆ ಸೀಸನ್ನಿನಲ್ಲಿ ಹಣ್ಣಿನ ಸಿಪ್ಪೆ ಒಣಗಿಸುವವರ ಹತ್ತಿರ ಬೀಜ ಕೇಳಬೇಕು.

ಸುಳ್ಯ ತೋಟ
ಬೀಜ ಎಸೆಯುವವರೇ ಜಾಸ್ತಿ. ಎಪ್ರಿಲ್, ಮೇಯಲ್ಲಿ ಹೇಳಿ, ಒಣಗಿಸಿ ಇಡುತ್ತೇನೆ. ಕುಟ್ಟಿ ನೀರಲ್ಲಿ ಕುದಿಸಿದರೆ ತುಪ್ಪ ಮೇಲೆ ತೇಲಿ ಬರುತ್ತದೆ. ಸೋಸುವಾಗ ಮಾತ್ರ ತೆಳು ಬಟ್ಟೆ ಎರಡು ಪದರ ಹಾಕಿ. ಕಸ ಉಳಿದರೆ ನಿಮ್ಮ ಡೈಗೆ ಮತ್ತೆ ಗೀರು.